ಕುದುರೆಗಳು ಬಿಟ್ಟುಹೋದ ದಾರಿ

ಹೋದ ಬೇಸಿಗೆಯಲ್ಲಿ ಅಣ್ಣನ ಮಗಳು ಫ್ರಾನ್ಸಿನಿಂದ ಒಂದು ಫೋಟೊ ಕಳಿಸಿದಳು. ಹಸಿರು ನೀರಿನ ಕಾಲುವೆ, ಅದರ ಮಗ್ಗುಲಲ್ಲಿ ಸುಣ್ಣಕಲ್ಲಿನ ಪುಡಿಜಲ್ಲಿ ಹಾಸಿದ ಬಿಳಿ ದಾರಿ, ದಾರಿಯ ಮೇಲೆ ಅವಳ ಬಾಡಿಗೆ ಸೈಕಲ್ಲು. ಮೇಲೆ ಬರೀ ಆಕಾಶ. ಕೆಳಗೆ ಒಂದು ಪ್ರಶ್ನೆ: “ಚಿಕ್ಕಪ್ಪ, ನೀವು ಹೇಳ್ತಿದ್ದ ನೆರಳೆಲ್ಲಿ? ತಲೆ ಸುಟ್ಟುಹೋಯ್ತು.”

ತಪ್ಪು ಅವಳದಲ್ಲ. ಕನಾಲ್ ದ್ಯು ಮಿದಿ ಎಂಬ ಆ ಕಾಲುವೆಯ ದಡದ ಕತೆಯನ್ನು ನಾನು ಅವಳಿಗೆ ಸ್ಕೂಲಿನ ದಿನಗಳಿಂದ ಹೇಳಿಕೊಂಡು ಬಂದಿದ್ದೇನೆ. ಎರಡೂ ದಂಡೆಯಲ್ಲಿ ಸಾಲು ಪ್ಲೇನ್ ಮರ, ಕಾಶ್ಮೀರದ ಚಿನಾರ್ ಬಳಗದವು. ಆಚೆ ದಡದ ಕೊಂಬೆ ಈಚೆ ದಡದ ಕೊಂಬೆಯನ್ನು ಮುಟ್ಟುತ್ತದೆ. ನಡುಮಧ್ಯಾಹ್ನವೂ ಬಿಸಿಲು ನೆಲಕ್ಕೆ ಬೀಳುವುದಿಲ್ಲ. ಬೆಳಗಿನಿಂದ ಸಂಜೆವರೆಗೆ ತುಳಿದರೂ ಒಂದು ಮೋಟಾರು ಗಾಡಿ ಎದುರಾಗುವುದಿಲ್ಲ. ಕೆಲಸ ಸಿಕ್ಕಿ ಟುಲೂಸಿಗೆ ಹೋದವಳು ಮೊದಲ ರಜೆಯಲ್ಲೇ ಅದನ್ನು ಹುಡುಕಿಕೊಂಡು ಹೊರಟಿದ್ದಳು. ನೆರಳು ಎಲ್ಲಿ ಹೋಯಿತು ಎನ್ನುವುದಕ್ಕೆ ಒಂದೇ ಸಾಲಿನ ಉತ್ತರವಿದೆ: ಮರಗಳಿಗೆ ರೋಗ ಬಂತು, ಕಡಿದರು. ಅವಳಿಗೆ ಅದನ್ನೇ ಬರೆದೆ. ಆದರೆ ಫೋಟೊ ಮುಚ್ಚಿಟ್ಟ ಮೇಲೂ ಆ ಬಿಳಿ ದಾರಿ ಕಣ್ಣಿನಿಂದ ಹೋಗಲಿಲ್ಲ.

ಬೆಂಗಳೂರಿಗೂ ಟುಲೂಸಿಗೂ ಇರುವ ನಂಟು ವಿಮಾನದ್ದು. ಏರ್‌ಬಸ್ ವಿಮಾನಗಳನ್ನು ಜೋಡಿಸುವ ಊರು ಅದು. ಅವಕ್ಕೆ ಬೇಕಾದ ಲೆಕ್ಕಾಚಾರ, ನಕ್ಷೆ, ತಂತ್ರಾಂಶಗಳಲ್ಲಿ ಒಂದಷ್ಟು ಪಾಲು ನಮ್ಮ ಕಡೆಯ ಇಂಜಿನಿಯರುಗಳದು. ಈ ಶತಮಾನದ ಮೊದಲ ದಶಕದಲ್ಲಿ ಹಾಗೆ ಹೋದ ಗುಂಪಿನಲ್ಲಿ ನಾನೂ ಇದ್ದೆ. ಕೆಲಸ ಗುತ್ತಿಗೆಯದು, ಭತ್ಯೆ ಕೈಹಿಡಿತದ್ದು. ವಾರದ ಐದು ದಿನ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಹೆದರಿಕೆ. ಅಂಗಡಿ ಮುಚ್ಚಿರುತ್ತಿತ್ತು, ಬೀದಿ ಖಾಲಿ ಇರುತ್ತಿತ್ತು, ಊರಿಗೆ ಫೋನ್ ಮಾಡಿ ಮುಗಿದ ಮೇಲೆ ಇಡೀ ದಿನ ಉಳಿದಿರುತ್ತಿತ್ತು.

ಕೆಳಗಿನ ಮನೆಯ ಮುದುಕರೊಬ್ಬರು ಇದನ್ನು ಗಮನಿಸಿದರು. ಅವರು ಫಿಟ್ಟರ್ ಆಗಿದ್ದವರು. ಟುಲೂಸಿನಲ್ಲಿ ಕ್ಯಾರವೆಲ್ ಜೆಟ್ ವಿಮಾನಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ ರಿವೆಟ್ ಹೊಡೆದ ಕೈ. ಮೆಟ್ಟಿಲ ಕೆಳಗಿನ ಗೂಡಿನಿಂದ ಅವರು ಒಂದು ಹಳೇ ಉಕ್ಕಿನ ಸೈಕಲ್ಲು ಎಳೆದು ತಂದರು. ಮಡ್‌ಗಾರ್ಡು, ಡೈನಮೊ, ಮುಂದೊಂದು ಚಿಕ್ಕ ಕ್ಯಾರಿಯರ್, ದಪ್ಪ ಟೈರು. ಟೈರನ್ನು ಹೆಬ್ಬೆರಳಿನಿಂದ ಅಮುಕಿ, ಸ್ವಲ್ಪ ಗಾಳಿ ಬಿಟ್ಟು, ಜಲ್ಲಿಗೆ ಇಷ್ಟು ಸಾಕು ಎಂದರು. ನನ್ನ ಅರೆಬರೆ ಫ್ರೆಂಚಿಗೆ ಅಷ್ಟು ಅರ್ಥವಾಯಿತು. ಆ ಟೈರಿನ ಅಳತೆ 650ಬಿ. ಊರೂರು ತಿರುಗುವ ಫ್ರೆಂಚ್ ಸವಾರರು ಬಹುಕಾಲ ನೆಚ್ಚಿಕೊಂಡಿದ್ದ ಅಳತೆ. ನಡುವೆ ಮೂಲೆ ಸೇರಿದ್ದು ಈಗ ‘ಗ್ರಾವೆಲ್ ಬೈಕ್’ ಎಂಬ ಹೆಸರಿನಲ್ಲಿ ತಿರುಗಿ ಬಂದಿದೆ. ಬೆಂಗಳೂರಿನ ಅಂಗಡಿಯಲ್ಲಿ ಅಂಥದ್ದೊಂದರ ಬೆಲೆ ಚೀಟಿ ನೋಡಿದಾಗ ಮುದುಕರ ಹೆಬ್ಬೆರಳು ನೆನಪಾಗುತ್ತದೆ. ಅವರಿಗೆ ಅದು ಕೆಲಸದ ಸಾಮಾನು, ಅಷ್ಟೇ.

ಟುಲೂಸಿನ ಪೋರ್ ಸೇಂಟ್ ಸೊವೊರ್ ಎಂಬ ದೋಣಿಕಟ್ಟೆಯಿಂದ ಹೊರಟರೆ ಮೊದಲಿಗೆ ನಗರದ ಗದ್ದಲ, ಆಮೇಲೆ ಸಾಲು ಸಾಲು ವಾಸದ ದೋಣಿಗಳು, ಆಮೇಲೆ ಗೋಧಿ ಹೊಲ. ಆ ಜಿಲ್ಲೆಯ ಗಡಿವರೆಗೆ ಸುಮಾರು 50 ಕಿ.ಮೀ. ಡಾಂಬರಿನ ಸೈಕಲ್ ದಾರಿ. ಗಡಿ ದಾಟಿ ಓದ್ ಜಿಲ್ಲೆಗೆ ಕಾಲಿಟ್ಟರೆ ಡಾಂಬರು ನಿಂತು ಜಲ್ಲಿ, ಮಣ್ಣು, ಬೇರು. ಬೇಸಿಗೆಯಲ್ಲಿ ಬಿಳಿ ಧೂಳು ಮೊಣಕಾಲಿನವರೆಗೆ ಏರುತ್ತಿತ್ತು, ಮಳೆಯಲ್ಲಿ ಅದೇ ಧೂಳು ಬ್ರೇಕಿಗೆ ಮೆತ್ತಿಕೊಳ್ಳುತ್ತಿತ್ತು. ಹಳೇ ಕಲ್ಲುಸೇತುವೆಗಳ ಕೆಳಗೆ ದಾರಿ ಕಿರಿದಾಗಿ, ತಲೆ ಬಗ್ಗಿಸಿ, ಒಂದು ಕಣ್ಣು ನೀರಿನ ಮೇಲಿಟ್ಟು ದಾಟಬೇಕು. ದೋಣಿಗಳನ್ನು ಮೆಟ್ಟಿಲೇರಿಸುವಂತೆ ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿಸಿ ಇಳಿಸುವ ನೀರುಬಾಗಿಲ ಕಟ್ಟೆಗಳನ್ನು ಅಲ್ಲಿ ಎಕ್ಲೂಸ್ ಎನ್ನುತ್ತಾರೆ. ಒಂದೊಂದು ಎಕ್ಲೂಸಿಗೂ ಒಂದು ಮನೆ, ಮನೆಯ ಗೋಡೆಯಲ್ಲಿ ಒಂದು ಫಲಕ: ಈ ಎಕ್ಲೂಸಿನ ಹೆಸರು, ಹಿಂದಿನದು ಎಷ್ಟು ಮೀಟರು ದೂರ, ಮುಂದಿನದು ಎಷ್ಟು. ದೋಣಿಯವರಿಗಾಗಿ ಬರೆದದ್ದು ಸೈಕಲ್ಲಿನವನಿಗೂ ಒದಗುತ್ತಿತ್ತು. ಕಾಲು ಸೋತಾಗ ಇನ್ನೊಂದು ಎಕ್ಲೂಸ್, ಇನ್ನೊಂದು ಎಕ್ಲೂಸ್ ಎಂದು ಮುಂದೆ ಹೋಗುತ್ತಿದ್ದೆ.

ಆ ದಾರಿ ನನಗೆ ಮೊದಲ ದಿನವೇ ಹಳೆಯದೆನಿಸಿತು. ನಾನು ಮಂಡ್ಯ ಕಡೆಯವನು. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತವನು. ನಮ್ಮ ನಾಲೆಗೆ ಮೊದಲಿದ್ದ ಹೆಸರು ವೈಸರಾಯ್ ಇರ್ವಿನ್‌ನದು. ಅದೂ ಹುಲಿಕೆರೆಯ ಹತ್ತಿರ ಗುಡ್ಡದೊಳಗಿನ ಸುರಂಗದಲ್ಲಿ ನುಗ್ಗಿ ಬರುತ್ತದೆ. ಕನಾಲ್ ದ್ಯು ಮಿದಿಯೂ ಬೆಜಿಯೆ ಪಟ್ಟಣದ ಹತ್ತಿರ ಮಾಲ್ಪಾ ಎಂಬಲ್ಲಿ ಗುಡ್ಡ ಕೊರೆದುಕೊಂಡು ಹೋಗುತ್ತದೆ. 1679ರ ಹೊತ್ತಿಗೆ ಕೊರೆದ ಆ ಸುರಂಗ, ಯುರೋಪಿನಲ್ಲಿ ದೋಣಿ ಹೋಗಲೆಂದು ಕಾಲುವೆಗೆ ತೋಡಿದ ಮೊದಲನೆಯದು. ನಮ್ಮ ಕಡೆ ನಾಲೆಯ ಏರಿ ಎಂದರೆ ನೀರು ಹಂಚುವ ಸೌಡಿ ನಡೆದಾಡುವ ದಾರಿ. ಎತ್ತಿನ ಗಾಡಿಗೂ ಮಕ್ಕಳಿಗೂ ಅವನು ಕಣ್ಣು ಬಿಟ್ಟು ಗದರುತ್ತಿದ್ದ. ಹಾಗಾಗಿ ನೀರಿನ ದಡದ ದಾರಿ ಯಾವುದೋ ಕೆಲಸಕ್ಕೆ ಅಂತಲೇ ಇರುತ್ತದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ವಿಷಯ. ಅಲ್ಲಿ ಆ ಕೆಲಸದವನು ಕಾಣುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಭಾನುವಾರದ ಫೋನಿನಲ್ಲಿ ಅಪ್ಪನಿಗೆ ಈ ಕಾಲುವೆಯ ವರದಿ ಒಪ್ಪಿಸಬೇಕಿತ್ತು.

“ಅಲ್ಲಿ ನಾಲೆಗೆ ನೀರು ಯಾವಾಗ ಬಿಡ್ತಾರಪ್ಪ?”

“ಹೆಚ್ಚುಕಮ್ಮಿ ವರ್ಷವಿಡೀ ಇರುತ್ತೆ. ಚಳಿಗಾಲದಲ್ಲಿ ರಿಪೇರಿಗೆ ಅಂತ ಅಲ್ಲಲ್ಲಿ ಇಳಿಸ್ತಾರೆ.”

“ಹಂಗಾದ್ರೆ ಮೂರು ಬೆಳೆ ತೆಗೀತಾರೆ ಅನ್ನು.”

“ತೋಡಿದ್ದು ಗದ್ದೆಗಲ್ಲ ಅಪ್ಪ, ದೋಣಿ ಓಡ್ಸೋಕೆ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ದೋಣಿಗೆ ಅಂತ ನಾಲೆ ತೋಡಿದ್ರಾ? ಅವ್ರಿಗೆ ಹೊಳೆ ಇರ್ಲಿಲ್ವಾ?”

ಇತ್ತು. ಆದರೆ ಟುಲೂಸಿನ ಗರೋನ್ ನದಿ ಅಟ್ಲಾಂಟಿಕ್ ಕಡೆಗೆ ಹರಿಯುತ್ತದೆ, ಮೆಡಿಟರೇನಿಯನ್ ಇನ್ನೊಂದು ದಿಕ್ಕಿನಲ್ಲಿದೆ. ಈ ಕಡಲಿನ ಸರಕು ಆ ಕಡಲಿಗೆ ಹೋಗಬೇಕಾದರೆ ಇಡೀ ಸ್ಪೇನನ್ನು ಸುತ್ತಿ ಜಿಬ್ರಾಲ್ಟರ್ ದಾಟಬೇಕಿತ್ತು. ನಡುವೆ ಕಾಲುವೆ ತೋಡಬಹುದು ಎಂಬ ಯೋಚನೆ ಹಳೆಯದೇ. ನೆಲ ಎತ್ತರವಾಗುವ ಜಾಗಕ್ಕೆ ನೀರು ತರುವುದು ಹೇಗೆ ಎನ್ನುವಲ್ಲಿ ಎಲ್ಲರೂ ಕೈಬಿಟ್ಟಿದ್ದರು. ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆದಾರ ಪಿಯೆರ್ ಪೋಲ್ ರಿಕೆ ಅದಕ್ಕೆ ಉತ್ತರ ಕಂಡುಕೊಂಡ. ಮೊಂತಾಞ್ ನ್ವಾರ್ ಎಂಬ ಕಪ್ಪುಬೆಟ್ಟಗಳ ಹಳ್ಳಗಳನ್ನು ತಿರುಗಿಸಿ, ಸೇಂಟ್ ಫೆರಿಯೋಲ್‌ನಲ್ಲಿ ಕೆರೆ ಕಟ್ಟಿ, ನಾಲೆಯಲ್ಲಿ ನೀರನ್ನು ನೊರೂಜ್ ಎಂಬ ದಿಬ್ಬಕ್ಕೆ ತಂದ. ಹದಿನಾಲ್ಕನೇ ಲೂಯಿಯ ಆಳ್ವಿಕೆ, 1666ರಲ್ಲಿ ಅಪ್ಪಣೆ. 1681ರಲ್ಲಿ 240 ಕಿ.ಮೀ. ಕಾಲುವೆಯಲ್ಲಿ ದೋಣಿ ಹೊರಟಾಗ ರಿಕೆ ಬದುಕಿರಲಿಲ್ಲ. ಅದಕ್ಕೆ ಕೆಲವು ತಿಂಗಳ ಮೊದಲೇ ಸಾಲ ಬಿಟ್ಟು ತೀರಿಕೊಂಡಿದ್ದ.

ನೊರೂಜ್ ಸಮುದ್ರಮಟ್ಟದಿಂದ ಬರೀ 189 ಮೀಟರು ಎತ್ತರದ ಜಾಗ. ಸೈಕಲ್ಲಿನ ಕಾಲಿಗೆ ಏರು ಗೊತ್ತೇ ಆಗುವುದಿಲ್ಲ. ಆದರೆ ಅಲ್ಲಿ ನಿಂತರೆ ಬೆಟ್ಟದಿಂದ ಬಂದ ನೀರು ಎರಡು ಕಡೆಗೆ ಸರಿಯುವುದು ಕಾಣುತ್ತದೆ. ಒಂದು ಪಾಲು ಅಟ್ಲಾಂಟಿಕ್ ದಿಕ್ಕಿಗೆ, ಒಂದು ಪಾಲು ಮೆಡಿಟರೇನಿಯನ್ ದಿಕ್ಕಿಗೆ. ದಿಬ್ಬದ ಎರಡೂ ಬದಿಯ ಎಕ್ಲೂಸುಗಳಲ್ಲಿ ಒಂದರ ಹೆಸರು ಸಾಗರ, ಇನ್ನೊಂದರದು ಮೆಡಿಟರೇನಿಯನ್. ಕೃಷ್ಣರಾಜಸಾಗರದ ನೀರಿನ ಜಗಳ ಕೇಳುತ್ತ ಬೆಳೆದವನಿಗೆ, ಒಂದೇ ತೊಟ್ಟಿಯ ನೀರನ್ನು ಎರಡು ಸಮುದ್ರಕ್ಕೆ ಹಂಚುವ ಈ ಧಾರಾಳ ಕಂಡು ಸ್ವಲ್ಪ ಹೊಟ್ಟೆ ಉರಿಯಿತು.

ರಿಕೆಯ ಸ್ತಂಭಗಳು, ಪ್ರತಿಮೆಗಳು ದಾರಿಯುದ್ದಕ್ಕೂ ಇವೆ. ಅಗೆದವರದು ಇಲ್ಲ. ಕೆಲಸ ಭರದಿಂದ ನಡೆದಾಗ ಸುಮಾರು 12,000 ಜನ ಕೂಲಿಯಲ್ಲಿದ್ದರು. ಅವರಲ್ಲಿ ಹೆಂಗಸರು ಬಹಳ. ಮಂಕರಿಯಲ್ಲಿ ಮಣ್ಣು ಹೊತ್ತವರು. ರಿಕೆ ಮಳೆಯ ದಿನಕ್ಕೂ ಹಬ್ಬದ ದಿನಕ್ಕೂ ಕಾಯಿಲೆ ಬಿದ್ದ ದಿನಕ್ಕೂ ಕೂಲಿ ಕೊಟ್ಟ, ಆ ಕಾಲಕ್ಕೆ ಅದು ದೊಡ್ಡ ಮಾತು. ಚಂದ್ರಾ ಮುಖರ್ಜಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 2009ರಲ್ಲಿ ಈ ಕಾಲುವೆಯ ಬಗ್ಗೆಯೇ ಪುಸ್ತಕ ಬರೆದು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪಿರೆನೀಸ್ ಬೆಟ್ಟದಿಂದ ಬಂದ ಹೆಂಗಸರು ಬರೀ ಹೊರೆ ಹೊತ್ತವರಲ್ಲ, ಇಳಿಜಾರಿನಲ್ಲಿ ನೀರನ್ನು ಹೇಗೆ ತಿರುಗಿಸಬೇಕು ಎಂಬ ತಮ್ಮ ಊರಿನ ತಿಳಿವಳಿಕೆಯನ್ನು ಜೊತೆಗೆ ತಂದವರು ಎಂಬುದು ಅವರ ವಾದ. ನಾನು ಆ ಪುಸ್ತಕ ಓದಿದ್ದು ಊರಿಗೆ ಮರಳಿದ ಮೇಲೆ. ಸೈಕಲ್ಲು ತುಳಿಯುವಾಗ ಎರಡೂ ಕಡೆಯ ಇಳಿಜಾರು ಅಷ್ಟು ಹದವಾಗಿ ಇದ್ದದ್ದು ಯಾರ ಕೈಯಿಂದ ಎಂದು ಆಗ ಯೋಚಿಸಿರಲಿಲ್ಲ. ಈಗ ಆ ದಾರಿ ನೆನೆದರೆ ಮೊದಲು ಮಂಕರಿಯೇ ಕಾಣುತ್ತದೆ.

ಮಂಕರಿ ಕಾಣಿಸುವ ಮೊದಲು ಕುದುರೆ ಕಾಣಿಸಿದ ಒಬ್ಬ ಹೆಂಗಸಿದ್ದರು. ಕಾಸ್ತೆಲ್ನೋದರಿ ಪಟ್ಟಣ ದಾಟಿದ ಮೇಲಿನ ಒಂದು ಎಕ್ಲೂಸಿನಲ್ಲಿ ಕೆಲಸಕ್ಕಿದ್ದವರು, ನಿವೃತ್ತಿಗೆ ಹತ್ತಿರವಾಗಿದ್ದರು. ಊಟದ ಹೊತ್ತಿಗೆ ಬಾಗಿಲು ಮುಚ್ಚಿದ ಮೇಲೆ ಯಾರ ದೋಣಿ ಬಂದರೂ ತೆಗೆಯುತ್ತಿರಲಿಲ್ಲ. ಬಾಡಿಗೆ ದೋಣಿ ಹಿಡಿದು ಬಂದ ಪ್ರವಾಸಿಗಳು ಹಗ್ಗ ಹಿಡಿಯಲು ಬಾರದೆ ಪರದಾಡಿದರೆ ನಿಂತು ಬೈಯುತ್ತಿದ್ದರು. ಅವರ ಕಿಟಕಿಯಲ್ಲಿ ಜೆರೇನಿಯಂ ಹೂವು, ಅಂಗಳದಲ್ಲಿ ಟೊಮ್ಯಾಟೊ. ಬಾಟಲಿಗೆ ನೀರು ಕೇಳಲು ಹೋದವನಿಗೆ ಅವರು ಮೊದಲು ಹೇಳಿದ್ದು, ಸೈಕಲ್ಲಿನವರು ನಮಸ್ಕಾರ ಹೇಳುವುದಿಲ್ಲ, ದೋಣಿಯವರು ಹೇಳುತ್ತಾರೆ ಎಂದು. ಆಮೇಲಿಂದ ನಾನು ದೂರದಿಂದಲೇ ಗಂಟೆ ಹೊಡೆದು, ಇಳಿದು, “ಬೊಂಜೂರ್ ಮದಾಂ” ಎಂದು ಒಪ್ಪಿಸಿದ ಮೇಲೇ ಬಾಟಲಿ ತೆಗೆಯುತ್ತಿದ್ದೆ. ಅವರು ಮಾತು ತೆಗೆಯುತ್ತಿದ್ದರು.

ಅವರ ಗಂಡನ ಮನೆಯವರು ಸರಕು ದೋಣಿಯವರು. ಮೋಟಾರು ಬರುವ ಮುಂಚೆ ಈ ದಂಡೆಯ ಮೇಲೆ ಕುದುರೆ ನಡೆಯುತ್ತಿತ್ತು, ಅದರ ಹಿಂದೆ ಹಗ್ಗ, ಹಗ್ಗದ ಕೊನೆಗೆ ದೋಣಿ. ದಂಡೆಯ ದಾರಿ ಹುಟ್ಟಿದ್ದೇ ಆ ಕುದುರೆಯ ಕಾಲಿಗೆ. ಕುದುರೆ ಇಟ್ಟುಕೊಳ್ಳಲಾಗದವರ ಮನೆಯಲ್ಲಿ ಹೆಂಡತಿ ಮಕ್ಕಳೇ ಎದೆಗೆ ಪಟ್ಟಿ ಕಟ್ಟಿಕೊಂಡು ಎಳೆದದ್ದುಂಟು ಎಂದರು. “ನೀವು ಈ ದಾರಿ ಎಷ್ಟು ಚೆಂದ ಅನ್ನುತ್ತೀರಿ. ನಮ್ಮತ್ತೆಯ ಅತ್ತೆಗೆ ಇದು ಕಾಲು ಊದಿಸಿದ ದಾರಿ.” ಆ ಮಾತಿನಲ್ಲಿ ಕಹಿ ಇತ್ತು, ಹೆಮ್ಮೆಯೂ ಇತ್ತು. ಆಗ ನಾನು ಅವರನ್ನು ಮುಂಗೋಪದ ಒಳ್ಳೆಯ ಅಜ್ಜಿಯಂತೆ ನೆನಪಿಟ್ಟುಕೊಂಡೆ. ಈಗ ಆ ವಯಸ್ಸಿಗೆ ಹತ್ತಿರವಾಗುತ್ತಿರುವ ನನಗೆ ಬೇರೆಯದು ಕಾಣುತ್ತದೆ. ಗಂಡನ ಮನೆತನದ ಕಸುಬು ಮುಗಿದಿತ್ತು. ತಮ್ಮ ಕೆಲಸವೂ ಗುಂಡಿ ಒತ್ತುವ ಯಂತ್ರದ ಕೈಗೆ ಜಾರುತ್ತಿತ್ತು. ಬೇಸಿಗೆಯಲ್ಲಿ ಬರುವವರೆಲ್ಲ ರಜೆಯವರು, ಚಳಿಗಾಲದಲ್ಲಿ ಬರುವವರು ಯಾರೂ ಇಲ್ಲ. ನೀರು ಕೇಳಿ ಬಂದ ಕಂದು ಬಣ್ಣದ ಪರದೇಶಿಯೊಬ್ಬನಿಗೆ ಅಷ್ಟು ಹೊತ್ತು ಮಾತಾಡಿದ್ದು ಒಳ್ಳೆಯತನದಿಂದ ಎಷ್ಟೋ, ಒಂಟಿತನದಿಂದಲೂ ಅಷ್ಟೇ. ನನ್ನ ಕಡೆಯಿಂದಲೂ ಲೆಕ್ಕ ಅದೇ.

ವಾಹನವಿಲ್ಲದ ದಾರಿ ಎಂದಾಗ ನಮಗೆ ಹೊಳೆಯದ ಪ್ರಶ್ನೆ, ವಾಹನಗಳು ಎಲ್ಲಿ ಹೋದವು ಎಂಬುದು. ಕನಾಲ್ ದ್ಯು ಮಿದಿಯ ಮೇಲೆ ಒಂದು ಕಾಲಕ್ಕೆ ಎಲ್ಲ ವಾಹನವೂ ಇತ್ತು. ಗೋಧಿ, ವೈನು, ಅಂಚೆ, ಪ್ರಯಾಣಿಕರು. ಟುಲೂಸಿನಿಂದ ಸಮುದ್ರದ ಹತ್ತಿರದ ಆಗ್ದ್ ಪಟ್ಟಣಕ್ಕೆ ಅಂಚೆದೋಣಿಯಲ್ಲಿ ನಾಲ್ಕು ದಿನ. 1787ರಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ತನ್ನ ಕುದುರೆಗಾಡಿಯ ಚಕ್ರ ಕಳಚಿಸಿ ದೋಣಿಯ ಮೇಲಿಡಿಸಿ, ಗಾಡಿಯೊಳಗೆ ಕೂತು, ಬೇಸರವಾದಾಗ ಇಳಿದು ದಂಡೆಯ ಮೇಲೆ ನಡೆಯುತ್ತ ಸಾಗಿದ. 1857ರಲ್ಲಿ ಬೋರ್ಡೋದಿಂದ ಸೆತ್ ಬಂದರಿನವರೆಗೆ ರೈಲು ಹಾದಿ ಪೂರ್ತಿಯಾಯಿತು. ಮರುವರ್ಷ ರೈಲು ಕಂಪನಿಯೇ ಕಾಲುವೆಯನ್ನು 40 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಎದುರಾಳಿಯ ಕೈಗೆ ಬೀಗದ ಕೈ ಕೊಟ್ಟ ಮೇಲೆ ಏನಾಗಬೇಕೋ ಅದಾಯಿತು. ಸರಕು ರೈಲಿಗೆ ಹೋಯಿತು. 1898ರಲ್ಲಿ ಸರ್ಕಾರ ಅದನ್ನು ಮರಳಿ ಪಡೆಯಿತು. 1970ರ ದಶಕದ ಕೊನೆಗೆ ದೊಡ್ಡ ದೋಣಿಗಳಿಗೆಂದು ಎಕ್ಲೂಸುಗಳನ್ನು ಉದ್ದ ಮಾಡಲು ಹೊರಟು, ಎರಡೂ ತುದಿಯಲ್ಲಿ ಸ್ವಲ್ಪ ಮಾಡಿ, ನಡುವಿನದನ್ನು ಹಾಗೇ ಬಿಟ್ಟರು. ನಡುವೆ ಕಟ್ಟಿಹೋದ ಕಾಲುವೆಯಲ್ಲಿ ಸರಕು ಸಾಗಾಟ ಬಹುಕಾಲ ಉಳಿಯಲಿಲ್ಲ. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅರ್ಧಂಬರ್ಧ ನಿಂತ ಆ ಕೆಲಸ ಪೂರ್ತಿಯಾಗಿದ್ದರೆ ಅಷ್ಟು ಹಳೆಯ ಎಕ್ಲೂಸುಗಳು ಉಳಿಯುತ್ತಿರಲಿಲ್ಲ.

ಉಳಿದ ವಾಹನಗಳು ಈಗ ಎ61 ಹೆದ್ದಾರಿಯಲ್ಲಿವೆ. ಅದು ಕಾಲುವೆಯ ಪಕ್ಕದಲ್ಲೇ ಬಹುದೂರ ಹೋಗುತ್ತದೆ. ಪೋರ್ ಲೊರಗೆ ಎಂಬಲ್ಲಿ ದೋಣಿಕಟ್ಟೆಯೂ ಹೆದ್ದಾರಿಯ ವಿರಾಮತಾಣವೂ ಒಂದೇ ಜಾಗದಲ್ಲಿವೆ. ಒಂದು ಬದಿಯಲ್ಲಿ ಬಾತುಕೋಳಿ, ಇನ್ನೊಂದು ಬದಿಯಲ್ಲಿ ಲಾರಿ. ಆ ಸೀಮೆಯ ಓತಾಂ ಗಾಳಿ ಆಗ್ನೇಯದಿಂದ ಬೀಸುವ ದಿನ ಪೆಡಲು ಮುಂದೆ ಹೋಗುವುದಿಲ್ಲ. ಜನರಿಗೆ ತಲೆಕೆಡಿಸುವ ಗಾಳಿ ಅಂತ ಅದಕ್ಕೆ ಹೆಸರು. ಅಂಥ ದಿನ ಹೆದ್ದಾರಿಯ ಮೊರೆತ ಕಾಲುವೆಯ ಮೇಲೆ ತೇಲಿ ಬರುತ್ತಿತ್ತು. ನಾನು ಅಣ್ಣನ ಮಗಳಿಗೆ ಕತೆ ಹೇಳುವಾಗ ಆ ಮೊರೆತವನ್ನು ಬಿಟ್ಟೇ ಹೇಳಿದ್ದೆ.

ಲೊರಗೆ ಎಂದು ಕರೆಯುವ ಆ ಬಯಲಿಗೆ ಇಂಡಿಯಾದ ಜೊತೆ ಒಂದು ಹಳೇ ಲೆಕ್ಕವೂ ಇದೆ. ಹದಿನೈದು, ಹದಿನಾರನೇ ಶತಮಾನದಲ್ಲಿ ಅಲ್ಲಿ ಪಾಸ್ತೆಲ್ ಎಂಬ ಗಿಡದ ಎಲೆ ಅರೆದು ಉಂಡೆ ಕಟ್ಟಿ ನೀಲಿ ಬಣ್ಣ ಮಾಡುತ್ತಿದ್ದರು. ಟುಲೂಸಿನ ಇಟ್ಟಿಗೆ ಬಣ್ಣದ ಮಹಲುಗಳಲ್ಲಿ ಕೆಲವು ಎದ್ದದ್ದು ಆ ನೀಲಿಯ ಹಣದಿಂದ. ಆಮೇಲೆ ಇಂಡಿಯಾ ಕಡೆಯ ನೀಲಿ ಯುರೋಪಿಗೆ ಅಗ್ಗವಾಗಿ ಇಳಿಯಿತು, ದೇಶದೊಳಗಿನ ಮತಯುದ್ಧಗಳೂ ಸೇರಿ ಪಾಸ್ತೆಲ್ ವ್ಯಾಪಾರ ನೆಲ ಕಚ್ಚಿತು. ಈಗ ಅಲ್ಲಿ ಗೋಧಿ, ಸೂರ್ಯಕಾಂತಿ. ಹಳ್ಳಿಗಳು ಅಂದವಾಗಿವೆ, ಕಿಟಕಿಗಳು ಮುಚ್ಚಿವೆ. ಬ್ರೆಡ್ ಅಂಗಡಿ ಇದ್ದ ಊರಿನಲ್ಲಿ ಅದರ ಬೋರ್ಡು ಮಾತ್ರ ಇರುತ್ತಿತ್ತು. ಸೈಕಲ್ಲಿನವನಿಗೆ ನಿಶ್ಶಬ್ದವಾಗಿ ಕಂಡದ್ದು ಅಲ್ಲಿನ ಯುವಕನಿಗೆ ಕೆಲಸವಿಲ್ಲದ ಊರು. ಅವನು ಕೆಲಸಕ್ಕೆ ಹೋಗಬೇಕಾದರೆ ಕಾರು ಬೇಕೇಬೇಕು. 2018ರ ನವೆಂಬರಿನಲ್ಲಿ ಡೀಸೆಲ್ ಮೇಲಿನ ತೆರಿಗೆ ಏರಿಕೆಗೆ ಸಿಟ್ಟಾಗಿ ಹಳದಿ ಅಂಗಿ ತೊಟ್ಟು ರಸ್ತೆಯ ವೃತ್ತಗಳಲ್ಲಿ ಕೂತ ಜನರಲ್ಲಿ ಇಂಥ ಊರುಗಳವರೇ ಬಹಳ. ಟೀವಿಯಲ್ಲಿ ಅದನ್ನು ನೋಡಿದಾಗ ನನಗೆ ಬೆರಗಾಗಲಿಲ್ಲ.

ಗುತ್ತಿಗೆ ಮುಗಿಯುವ ಮುನ್ನ ಒಮ್ಮೆ ಕಾಲುವೆ ಬಿಟ್ಟು ರೈಲು ಹಾದಿಗೂ ಹೋದೆ. ಮಜಾಮೆಯಿಂದ ಬೆದರಿಯೊ ಕಡೆಗೆ, ಓ ಲಾಂಗ್ದೋಕ್ ಬೆಟ್ಟಗಳ ತಪ್ಪಲಿನಲ್ಲಿ, ಸುಮಾರು 80 ಕಿ.ಮೀ. ಹಳೇ ರೈಲು ದಾರಿಯ ಕಂಬಿ ಕಿತ್ತು ಜಲ್ಲಿ ಹಾಸುತ್ತಿದ್ದ ಕಾಲ ಅದು. ಈಗ ಅದಕ್ಕೆ ಪಾಸ ಪಾಯಿಸ್ ಎಂಬ ಹೆಸರು. ಉಗಿಬಂಡಿಗೆ ಕಡಿದಾದ ಏರು ಹತ್ತಲಾಗುವುದಿಲ್ಲ. ಹಾಗಾಗಿ ಬೆಟ್ಟದ ನಾಡಿನಲ್ಲೂ ದಾರಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ, ಎದುರಿಗೆ ಗುಡ್ಡ ಬಂದರೆ ಸುರಂಗ, ಹಳ್ಳ ಬಂದರೆ ಸೇತುವೆ. ಎಂಜಿನಿನ ದೌರ್ಬಲ್ಯ ನನ್ನ ಮೊಣಕಾಲಿಗೆ ಉಪಕಾರವಾಯಿತು. ಮಜಾಮೆ ಕುರಿಯ ತೊಗಲಿನಿಂದ ಉಣ್ಣೆ ಬಿಡಿಸುವ ಕಸುಬಿಗೆ ಜಗತ್ತಿಗೇ ಹೆಸರಾದ ಊರು. ಅರ್ಜೆಂಟೀನ, ಆಸ್ಟ್ರೇಲಿಯದಿಂದ ತೊಗಲು ಬರುತ್ತಿತ್ತು. ಆ ಕಾರ್ಖಾನೆಗಳ ಒಡೆದ ಗಾಜು ದಾಟಿಕೊಂಡೇ ಆ ಹಸಿರಿಗೆ ಹೋಗಬೇಕಿತ್ತು.

ಕುದುರೆಯನ್ನು ರೈಲು ಸೋಲಿಸಿತು, ಸಣ್ಣ ರೈಲನ್ನು ಬಸ್ಸು ಕಾರುಗಳು ಸೋಲಿಸಿದವು, ಸೋತವರ ದಾರಿಗಳು ಸೈಕಲ್ಲಿಗೆ ಸಿಕ್ಕವು. ಬರ್ಗಂಡಿಯಲ್ಲಿ ಜಿವ್ರಿಯಿಂದ ಕ್ಲುನಿವರೆಗಿನ ರೈಲು ಹಾದಿಯನ್ನು 1997ರಲ್ಲಿ ತೆರೆದು ಫ್ರೆಂಚರು ಇದಕ್ಕೆ ದಾರಿ ಹಾಕಿಕೊಟ್ಟರು. 2004ರಲ್ಲಿ ಸಂಚಾರ ನಿಯಮದೊಳಗೇ ‘ವ್ವಾ ವೆರ್ತ್’, ಅಂದರೆ ಮೋಟಾರು ಬಿಟ್ಟು ಉಳಿದವರಿಗೆ ಮೀಸಲಾದ ಹಸಿರು ದಾರಿ, ಎಂಬುದಕ್ಕೆ ಜಾಗ ಸಿಕ್ಕಿತು. ಈಗ ಆ ದಾರಿಗಳಲ್ಲಿ ನಿವೃತ್ತ ದಂಪತಿಗಳು, ಚೀಲ ತುಂಬಿಕೊಂಡ ಹೊರದೇಶದವರು, ಮೊದಲ ಸೈಕಲ್ಲಿನ ಮಕ್ಕಳು. ಒಳ್ಳೆಯ ನೋಟವೇ. ಕೆಲಸಕ್ಕೆ ಹೋಗುವವನು ಅಪರೂಪ.

ಇನ್ನು ಮರದ ಮಾತು. ಕಾಲುವೆಯ ದಂಡೆಯಲ್ಲಿ ಸುಮಾರು 42,000 ಪ್ಲೇನ್ ಮರಗಳಿದ್ದವು. 2006ರಲ್ಲಿ ಅವಕ್ಕೆ ಶಿಲೀಂಧ್ರದ ರೋಗ ತಗುಲಿದ್ದು ಗೊತ್ತಾಯಿತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೈನ್ಯದ ಜೊತೆ ಬಂದಿಳಿದ ಮದ್ದುಗುಂಡಿನ ಮರದ ಪೆಟ್ಟಿಗೆಗಳಲ್ಲಿ ಅದು ಫ್ರಾನ್ಸಿಗೆ ಬಂತು ಎನ್ನುತ್ತಾರೆ. ಬೇರಿನಿಂದ ಬೇರಿಗೆ ದಾಟುತ್ತದೆ, ನೀರಿನಲ್ಲಿ ಸಾಗುತ್ತದೆ, ದೋಣಿ ದಡಕ್ಕೆ ಉಜ್ಜಿದ ಗಾಯದಿಂದ ಒಳಗೆ ಇಳಿಯುತ್ತದೆ. ಮದ್ದಿಲ್ಲ. ರೋಗ ಬಂದ ಮರವನ್ನೂ ಅದರ ಅಕ್ಕಪಕ್ಕದ ಮರವನ್ನೂ ಕಡಿದು ಅಲ್ಲೇ ಸುಡಬೇಕು. ಹಾಗೆ ಅರ್ಧಕ್ಕೂ ಹೆಚ್ಚು ಮರ ಹೋದವು. ಈಗ ಓಕ್ ಜಾತಿಯೊಂದನ್ನು ಮುಖ್ಯವಾಗಿಟ್ಟು ಬೇರೆ ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ, ಇನ್ನೊಂದು ರೋಗಕ್ಕೆ ಎಲ್ಲವೂ ಒಟ್ಟಿಗೆ ಬಲಿಯಾಗಬಾರದೆಂದು.

ಸುದ್ದಿ ಕೇಳಿದಾಗ ನನಗೆ ಬಂಧುವಿನ ಸಾವು ಕೇಳಿದಷ್ಟು ಬೇಸರವಾಗಿತ್ತು. ಆಮೇಲೆ ಓದಿ ತಿಳಿದದ್ದು, ಆ ಮರಗಳೂ ಮೊದಲಿನವಲ್ಲ ಎಂದು. ರಿಕೆಯ ಕಾಲದಲ್ಲಿ ದಂಡೆ ಕುಸಿಯದಿರಲು ವಿಲೋ ಮುಂತಾದವನ್ನು ನೆಟ್ಟರು. ಹದಿನೆಂಟನೇ ಶತಮಾನದಲ್ಲಿ ರೇಷ್ಮೆಗೆಂದು ಹಿಪ್ಪುನೇರಳೆ ಬಂತು, ಆಮೇಲೆ ಮರಮುಟ್ಟಿಗೆಂದು ಪಾಪ್ಲರ್. ಪ್ಲೇನ್ ಮರಗಳು ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದವು. ಅಂದರೆ ನಾನು ಸನಾತನವೆಂದು ಅಣ್ಣನ ಮಗಳಿಗೆ ವರ್ಣಿಸಿದ ನೆರಳು ಒಂದು ಕಾಲದ ಲೆಕ್ಕಾಚಾರ. ಆ ಕಾಲದ ಇಲಾಖೆಯವರು ತಾವು ಕೂರದ ನೆರಳಿಗೆ ಸಸಿ ಇಟ್ಟಿದ್ದರು. ಇಂದಿನವರೂ ಅದನ್ನೇ ಮಾಡುತ್ತಿದ್ದಾರೆ. ಈ ಕೆಲಸದ ಬಗ್ಗೆ ನನಗೆ ಈಗ ಮರುಕಕ್ಕಿಂತ ಗೌರವ ಹೆಚ್ಚು.

ಆ ದಿನಗಳನ್ನು ಸಿಹಿಯಾಗಿಯೇ ಬರೆದು ಮುಗಿಸಬಹುದು, ಅದು ನ್ಯಾಯವಲ್ಲ. ಕಾಸ್ತೆಲ್ನೋದರಿಯ ಹೆಮ್ಮೆ ಕಾಸುಲೆ, ಬಿಳಿ ಬೀನ್ಸ್ ಕಾಳಿಗೆ ಬಾತುಕೋಳಿ, ಹಂದಿ ಸೇರಿಸಿ ಬೇಯಿಸಿದ್ದು. ಮಾಂಸ ಬಿಟ್ಟು ಬರೀ ಕಾಳು ಕೊಡಿ ಎಂದು ಕೇಳಿದ ನನ್ನನ್ನು ಅಲ್ಲಿ ನೋಡಿದ ನೋಟ ಇನ್ನೂ ನೆನಪಿದೆ. ಸೈಕಲ್ಲು ಪ್ರವಾಸಕ್ಕೆ ಫ್ರಾನ್ಸಿನಲ್ಲಿ ಪಿತಾಮಹನಂತಿದ್ದ, ವೆಲೋಸಿಯೊ ಎಂದು ಹೆಸರಾದ ಪೋಲ್ ದ ವಿವಿ ಮಾಂಸ ತಿನ್ನದವನು ಎಂದು ಆಗಲೇ ಗೊತ್ತಿದ್ದರೆ ಹೇಳಿಯಾದರೂ ನೋಡುತ್ತಿದ್ದೆ. ಪಂಕ್ಚರ್ ಆಗಿ ಸೈಕಲ್ಲು ತಳ್ಳಿಕೊಂಡು ಊರೊಳಗೆ ಬಂದಾಗ ಪರದೆ ಸರಿಸಿ ನೋಡಿ ಮತ್ತೆ ಪರದೆ ಎಳೆದ ಮನೆಗಳಿದ್ದವು. ಕರೆಯದೆ ಬಂದು ಬಾಗಿ ಕೂತು ಟ್ಯೂಬಿಗೆ ಪ್ಯಾಚ್ ಹಾಕಿಕೊಟ್ಟವರೂ ಇದ್ದರು. ಕೂಡಿ ಕಳೆದರೆ ಆ ದಾರಿ ನನಗೆ ಕೊಟ್ಟದ್ದೇ ಜಾಸ್ತಿ: ಯಾರ ಅಪ್ಪಣೆಯೂ ಬೇಡದೆ, ಕಾಸು ಖರ್ಚಿಲ್ಲದೆ, ಜೀವಭಯವಿಲ್ಲದೆ ಇಡೀ ಒಂದು ದಿನ ಹೋಗುತ್ತಲೇ ಇರಬಹುದಾದ ನೆಲ.

ಆ ಭಯವಿಲ್ಲದಿರುವುದರ ಬೆಲೆ ಗೊತ್ತಾದದ್ದು ಊರಿಗೆ ಬಂದ ಮೇಲೆ. ನಾನು ಸೈಕಲ್ಲು ಕಲಿತ ಏರಿಯ ಮೇಲೆ ಈಗ ಕಾರು, ಬಸ್ಸು, ಕಬ್ಬಿನ ಟ್ರ್ಯಾಕ್ಟರು ಓಡಾಡುತ್ತವೆ. 2018ರ ನವೆಂಬರಿನಲ್ಲಿ ಕನಗನಮರಡಿಯ ಹತ್ತಿರ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆಯ ಮಕ್ಕಳಿದ್ದರು. ಆಮೇಲೂ ಕಾರುಗಳು ನಾಲೆಗೆ ಬಿದ್ದ ಸುದ್ದಿ ಬರುತ್ತಲೇ ಇದೆ. ನೀರಿನ ಕೆಲಸಕ್ಕೆ ಕಟ್ಟಿದ ಏರಿಯನ್ನು ಹೆದ್ದಾರಿಯ ಹಾಗೆ ಬಳಸುತ್ತಿದ್ದೇವೆ.

ಫ್ರೆಂಚರ ಆ ದಾರಿಗಳು ಉಳಿದದ್ದು ಅವರು ನಮಗಿಂತ ರಸಿಕರು ಎಂಬ ಕಾರಣಕ್ಕಲ್ಲ. ಕುದುರೆ ಹೋದ ಮೇಲೂ ದಂಡೆಯ ನೆಲ ಸಾರ್ವಜನಿಕರದ್ದಾಗಿಯೇ ಉಳಿಯಿತು. ಪಾಲಾಗಲಿಲ್ಲ, ಒತ್ತುವರಿಯಾಗಲಿಲ್ಲ, ಮೋಟಾರಿಗೆ ಬಿಟ್ಟುಕೊಡಲಿಲ್ಲ. ನಿಷ್ಪ್ರಯೋಜಕ ಅನ್ನಿಸಿದ ಕಾಲದಲ್ಲಿಯೂ ಅದನ್ನು ಹಾಗೇ ಇಟ್ಟುಕೊಂಡದ್ದರಿಂದಲೇ ಮುಂದಿನ ತಲೆಮಾರಿಗೆ ಅದರಲ್ಲಿ ಸೈಕಲ್ಲು ತುಳಿಯುವ ಯೋಚನೆ ಬಂತು. ನಮ್ಮ ನಾಲೆಗಳ ಏರಿಯೂ ಸರ್ಕಾರದ ನೆಲವೇ. ಅದಕ್ಕೆ ಡಾಂಬರು ಬೇಡ, ಕಮಾನು ಬೇಡ, ಉದ್ಘಾಟನೆ ಬೇಡ. ಬಸ್ಸು ಕಾರುಗಳಿಗೆ ಬೇರೆ ರಸ್ತೆ ಕೊಡಿ, ಏರಿಗೆ ಅವು ಹತ್ತದಂತೆ ಅಡ್ಡಗಂಬ ನೆಡಿ, ಒಂದು ಸಾಲು ಹೊಂಗೆ ಸಸಿ ಇಡಿ. ಮಿಕ್ಕದ್ದನ್ನು ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳು ನೋಡಿಕೊಳ್ಳುತ್ತಾರೆ.